ನೆಟ್ಟಗೆ ಹಾರುವ ವಿಮಾನ

ಒಂದು ಒಳ್ಳೆಯ ಗುಣವೇ ಕೇಡಿಗೆ ಕಾರಣವಾದರೆ ಅದನ್ನು ಇನ್ನೂ ಒಳ್ಳೆಯದೆನ್ನಬಹುದೇ? ಈ ಪ್ರಶ್ನೆ ನನ್ನನ್ನು ಹಿಡಿದದ್ದು ತತ್ತ್ವಗ್ರಂಥದ ಮುಂದೆ ಕುಳಿತಾಗಲ್ಲ. ಮೊದಲನೆಯ ಮಹಾಯುದ್ಧದ ಒಂದು ವಿಮಾನದ ಚಿತ್ರ ನೋಡುತ್ತಿದ್ದಾಗ. ಒಂದರ ಮೇಲೊಂದು ರೆಕ್ಕೆ, ನಡುವೆ ಕಂಬ, ಎಲ್ಲೆಲ್ಲೂ ತಂತಿ. ಬಟ್ಟೆ ಒಣಹಾಕಲು ಬಹು ಅನುಕೂಲವಾದೀತು ಎನ್ನಿಸುವಂಥ ವಾಹನ. ಹೆಸರು ಬಿ.ಇ.2ಸಿ.

ಅದರ ಮೂಲರೂಪವನ್ನು ಇಂಗ್ಲೆಂಡಿನ ಫಾರ್ನ್‌ಬರೋದ ಸರ್ಕಾರಿ ಕಾರ್ಖಾನೆಯಲ್ಲಿ ಜೆಫ್ರಿ ಡಿ ಹ್ಯಾವಿಲೆಂಡ್ ರೂಪಿಸಿದ್ದ. ಎಡ್ವರ್ಡ್ ಬಸ್ಕ್ ಎಂಬ ತರುಣ ಎಂಜಿನಿಯರು 1914ರಲ್ಲಿ ಅದನ್ನು ತಿದ್ದಿದ. ರೆಕ್ಕೆಯ ತುದಿಗಳನ್ನು ತುಸು ಮೇಲೆತ್ತಿದ; ಮೇಲಿನ ರೆಕ್ಕೆಯನ್ನು ಕೆಳಗಿನದಕ್ಕಿಂತ ಮುಂದೆ ಸರಿಸಿದ. ಗಾಳಿ ಓಲಾಡಿಸಿದರೂ ವಿಮಾನ ತಾನೇ ನೆಟ್ಟಗಾಗುತ್ತಿತ್ತು. ಚಾಲಕ ಕೈಬಿಟ್ಟರೂ ಹಾರುತ್ತಿತ್ತು. ಶತ್ರುವಿನ ನೆಲವನ್ನು ನೋಡಿ ಗುರುತು ಹಾಕಿಕೊಂಡು ಬರುವ ಕೆಲಸಕ್ಕೆ ಇದಕ್ಕಿಂತ ಬೇರೇನು ಬೇಕು?

1915ರಲ್ಲಿ, ತಿರುಗುವ ಪ್ರೊಪೆಲರಿನ ನಡುವಿನಿಂದಲೇ ಗುಂಡು ಹಾರಿಸುವ ಜರ್ಮನರ ಫಾಕರ್ ಬಂದಿತು. ಥಟ್ಟನೆ ಮಗ್ಗುಲಾಗಿ ತಪ್ಪಿಸಿಕೊಳ್ಳಬೇಕಾದ ಗಳಿಗೆಯಲ್ಲಿ ಈ ಸಾಧುಪ್ರಾಣಿಗೆ ನೆಟ್ಟಗೆ ಹೋಗುವುದೇ ಇಷ್ಟ. ಮುಂದೆ ಕುಳಿತ ವೀಕ್ಷಕನಿಗೋ ಸುತ್ತಲೂ ಕಂಬ, ತಂತಿ. ಬಂದೂಕು ತಿರುಗಿಸಲು ಎಡೆಯಿಲ್ಲ. 1916ರ ಮಾರ್ಚಿನಲ್ಲಿ ಪೆಂಬರ್ಟನ್ ಬಿಲ್ಲಿಂಗ್ ಇದನ್ನು ಪಾರ್ಲಿಮೆಂಟಿನಲ್ಲಿ ಕೊಲೆಯೆಂದೇ ಕರೆದ.

ಕೊಲೆಗಾರ ಯಾರು? ಬಸ್ಕನ ಮೇಲೆ ಹೊರಿಸಲು ನನಗೆ ಮನಸ್ಸು ಬಾರದು. ಅವನು 1914ರ ನವೆಂಬರಿನಲ್ಲೇ, ತಾನು ತಿದ್ದಿದ ಇದೇ ಬಗೆಯ ವಿಮಾನಕ್ಕೆ ಆಕಾಶದಲ್ಲಿ ಬೆಂಕಿ ಹತ್ತಿ ತೀರಿಕೊಂಡಿದ್ದ. ಆದರೆ ಕಾಲ ಬದಲಾದದ್ದು ಕಣ್ಣಿಗೆ ಕಂಡ ಮೇಲೂ ಅದೇ ವಂಶದ ವಿಮಾನಗಳು ತಯಾರಾಗುತ್ತಲೇ ಇದ್ದವು. 1917ರ ಏಪ್ರಿಲಿನಲ್ಲೂ ಹುಡುಗರು ಅವುಗಳಲ್ಲಿ ಕುಳಿತು ಸತ್ತರು. ಒಳ್ಳೆಯದೆಂದು ಒಮ್ಮೆ ಒಪ್ಪಿಕೊಂಡದ್ದನ್ನು ಮತ್ತೆ ಪರೀಕ್ಷಿಸುವ ತೊಂದರೆ ಯಾರಿಗೆ ಬೇಕು? ನಾನೂ ಆ ಜಾತಿಯವನೇ.

ತೀರ್ಪು ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಹಗಲು ಕೊಂದ ಗುಣ ಇರುಳಲ್ಲಿ ವರವಾಯಿತು. ಕತ್ತಲಲ್ಲಿ ತಾನೇ ನೆಟ್ಟಗಿರುವ ವಿಮಾನ ಯಾರಿಗೆ ಬೇಡ? ನಮ್ಮ ಕೊಡಗಿನಲ್ಲಿ 1895ರಲ್ಲಿ ಹುಟ್ಟಿದ ವಿಲಿಯಂ ಲೀಫ್ ರಾಬಿನ್ಸನ್, 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಬಿ.ಇ.2ಸಿ.ಯಿಂದಲೇ ಜರ್ಮನರ ಎಸ್.ಎಲ್.11 ಎಂಬ ಆಕಾಶನೌಕೆಯನ್ನು ಉರಿಸಿ ಕೆಡವಿದ. ಲಂಡನ್ನಿನ ಜನ ಬೀದಿಗಿಳಿದು ಜಯಕಾರ ಮಾಡಿದರು. ಅವನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ನೌಕೆಯಲ್ಲಿದ್ದವರು 16 ಜನ, ಒಬ್ಬನೂ ಉಳಿಯಲಿಲ್ಲ.

‘ಮಲಗಿದ್ದವರ ಮೇಲೆ ಬಾಂಬು ಹಾಕಲು ಬಂದವರಯ್ಯಾ’ ಎನ್ನುತ್ತಾನೆ ನನ್ನ ಗೆಳೆಯ. ನಿಜ, ಒಪ್ಪಿದೆ. ಆದರೂ ಆ 16ನ್ನು ಎಣಿಸುವಾಗಲೆಲ್ಲ ನನಗೆ ಉರಿಯುತ್ತಿದ್ದ ವಿಮಾನದಲ್ಲಿದ್ದ ಬಸ್ಕನ ನೆನಪಾಗುತ್ತದೆ.