ದುಭಾಷಿಯ ಹೊಣೆ

ಚಿಕ್ಕಪ್ಪ ಹಾಸನದಿಂದ ಗುರುಗ್ರಾಮಕ್ಕೆ ನನ್ನ ಮನೆಗೆ ಬಂದಾಗ ಹೊಟ್ಟೆ ಉಬ್ಬಿತ್ತು. ಇಲ್ಲಿ ಸ್ಕ್ಯಾನ್, ಬಯಾಪ್ಸಿ ಆದ ಮೇಲೆ ಗೊತ್ತಾದ ಹೆಸರು ಸ್ಯೂಡೋಮಿಕ್ಸೋಮಾ ಪೆರಿಟೋನಿಯೈ. ಹೆಚ್ಚಾಗಿ ಅಪೆಂಡಿಕ್ಸಿನ ಗಡ್ಡೆಯಿಂದ ಶುರುವಾಗಿ ಹೊಟ್ಟೆಯೊಳಗೆಲ್ಲ ಲೋಳೆ ತುಂಬುವ ಕಾಯಿಲೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು.

ಇದಕ್ಕೆ ಒಬ್ಬ ಡಾಕ್ಟರ್ ಸಾಲದು. ಸರ್ಜನ್, ಕೀಮೋ ಕೊಡುವವರು, ಸ್ಕ್ಯಾನ್ ಓದುವವರು, ಪೆಥಾಲಜಿಸ್ಟ್, ಅರಿವಳಿಕೆ ತಜ್ಞರು ಎಲ್ಲ ಕೂತು ತೀರ್ಮಾನಿಸಬೇಕು. ಕಣ್ಣಿಗೆ ಕಾಣುವ ಗಡ್ಡೆಯನ್ನೆಲ್ಲ ಒಳಪೊರೆಯ ಸಮೇತ ತೆಗೆದು, 42 ಡಿಗ್ರಿ ಆಸುಪಾಸಿಗೆ ಕಾಯಿಸಿದ ಔಷಧಿಯನ್ನು ಗಂಟೆ, ಒಂದೂವರೆ ಗಂಟೆ ಹೊಟ್ಟೆಯೊಳಗೆ ಹರಿಸುತ್ತಾರೆ. ಅಮೆರಿಕದ ಜಾನ್ ಸ್ಪ್ರ್ಯಾಟ್ 1980ರಲ್ಲಿ ಈ ಬಿಸಿ ಔಷಧಿಯ ವಿಧಾನವನ್ನು ಮೊದಲು ವರದಿ ಮಾಡಿದ್ದೂ ಇದೇ ಕಾಯಿಲೆಯ ರೋಗಿಯೊಬ್ಬರ ವಿಷಯದಲ್ಲಿ.

ಸಹಿ ಹಾಕುವ ದಿನ ಸರ್ಜನ್ ಹಿಂದಿಯಲ್ಲಿ ವಿವರಿಸಿದರು. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರಿಗೂ ಹಿಂದಿ ಬಾರದು. ನಾನೇ ದುಭಾಷಿ. "ಕ್ಯಾನ್ಸರ್ ಅನ್ಬೇಡ ಕಣೋ, ಎದೆ ಒಡ್ಕೊಂಡ್ಬಿಡ್ತಾರೆ" ಎಂದು ಚಿಕ್ಕಮ್ಮ ಮೊದಲೇ ಕೈ ಹಿಡಿದುಕೊಂಡಿದ್ದರು. ಗುಲ್ಮ ತೆಗೆಯಬೇಕಾಗಬಹುದು, ಕರುಳಿನ ಭಾಗ ಹೋಗಬಹುದು, ಹೊಟ್ಟೆಯ ಮೇಲೆ ಮಲದ ಚೀಲ ಹಾಕಬೇಕಾಗಬಹುದು ಎಂದು ಸರ್ಜನ್ ಐದು ನಿಮಿಷ ಮಾತಾಡಿದರು. ನಾನು, "ಗಂಟು ತೆಗೀತಾರಂತೆ ಚಿಕ್ಕಪ್ಪ" ಎಂದೆ.

ಸರ್ಜನ್ ನನ್ನ ಮುಖ ನೋಡಿದರು. "ಅಷ್ಟಕ್ಕೆ ನಿಮ್ಮ ಭಾಷೆಯಲ್ಲಿ ಇಷ್ಟೇನಾ?"

ತಂಡದಲ್ಲಿ ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರಿಗೆ ಕಾಣುತ್ತದೆ, ಅದಕ್ಕೇ ತಂಡ. ನನ್ನ ಮಾತನ್ನು ತಿದ್ದಬಲ್ಲವರು ಮಾತ್ರ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಚಿಕ್ಕಮ್ಮನ ಕರುಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ; ಚಿಕ್ಕಪ್ಪನ ಜೊತೆ ಬಾಳಿದವರು ಅವರು. ಕಾಯಿಲೆಯ ಹೆಸರು ಬೇಕಾದರೆ ನಾಲ್ಕು ದಿನ ಕಾಯಬಹುದಿತ್ತು. ಆದರೆ ಎಚ್ಚರವಾದಾಗ ಹೊಟ್ಟೆಯ ಮೇಲೆ ಚೀಲ ಕಂಡರೆ? ಕೆಟ್ಟ ಸುದ್ದಿ ಹೇಳದಿರುವುದು ಒಂದು, ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಿಸುವುದು ಇನ್ನೊಂದು.

ಮತ್ತೆ ಮೊದಲಿಂದ ಎಲ್ಲ ಹೇಳಿದೆ, ಹೆಸರನ್ನೂ. ಚಿಕ್ಕಮ್ಮ ಮುಖ ತಿರುಗಿಸಿಕೊಂಡರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಲ ಇಟ್ಕೊಂಡು ತೋಟಕ್ಕೆ ಹೋಗ್ಬೋದಾ, ಕೇಳು" ಎಂದರು. ಕೇಳಿದೆ. ಗಾಯ ಮಾಗಿದ ಮೇಲೆ ಹೋಗಬಹುದು ಎಂದರು ಸರ್ಜನ್. ಚಿಕ್ಕಪ್ಪ ಪೆನ್ನು ತೆಗೆದುಕೊಂಡರು.

ಆಪರೇಷನ್ ಹತ್ತು ಗಂಟೆ ಹಿಡಿಯಿತು. ಚೀಲ ಬೇಕಾಗಲಿಲ್ಲ. "ಸುಮ್ಮನೆ ಹೆದರಿಸಿದೆ" ಎಂದು ಚಿಕ್ಕಮ್ಮ ಈಗಲೂ ಅನ್ನುತ್ತಾರೆ. ನಾನು ವಾದಿಸುವುದಿಲ್ಲ. ಊರಿನವರನ್ನು ಈ ನಗರದ ಆಸ್ಪತ್ರೆಗಳಿಗೆ ಕರೆತರುವ ನಮಗೆಲ್ಲ ಒಂದಲ್ಲ ಒಂದು ದಿನ ಆ ಕುರ್ಚಿ ಕಾದಿರುತ್ತದೆ.