ಅರಿವಳಿಕೆ ಯಾರಿಗೆ?

ಅನಸ್ತೀಸಿಯಾಕ್ಕೆ ಕನ್ನಡದಲ್ಲಿ ಅರಿವಳಿಕೆ ಅಂತೀವಿ. ಅರಿವು ಅಳಿಯುವುದು. ಒಳ್ಳೆಯ ಶಬ್ದ. ಆದರೆ ಆಪರೇಷನ್ ಟೇಬಲ್ಲಿನ ಹತ್ತಿರ ಯಾರ ಅರಿವು ಅಳಿಯುತ್ತದೆ? ಮಲಗಿದವರದೋ, ಕತ್ತಿ ಹಿಡಿದು ನಿಂತವರದೋ? ವೈದ್ಯವಿಜ್ಞಾನದ ಚರಿತ್ರೆಯನ್ನು ಕೆಳಗಿನಿಂದ ನೋಡಿದರೆ, ಮಲಗಿದವರಿಗೆ ಮದ್ದು ಸಿಗುವುದಕ್ಕೆ ಮೊದಲೇ ನಿಂತವರಿಗೆ ಮಂಪರು ಹತ್ತಿತ್ತು ಅನ್ನಿಸುತ್ತದೆ. ಎದುರಿಗಿರುವ ಜೀವ ಒದ್ದಾಡುತ್ತಿದ್ದರೂ 'ಇವರಿಗೆ ಅಷ್ಟೇನೂ ನೋವಾಗಲ್ಲ' ಅಂದುಕೊಳ್ಳುವ ಮಂಪರು ಅದು. ಇದಕ್ಕೆ ಈಥರ್ ಬೇಕಿಲ್ಲ, ಸೂಜಿ ಬೇಕಿಲ್ಲ. ಮೇಲೆ ಹುಟ್ಟಿದ್ದರೆ ಸಾಕು.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ಡಾಕ್ಟರು ಒಬ್ಬ ರೋಗಿಗೆ ಈಥರ್ ಕೊಟ್ಟ. ಸರ್ಜನ್ ಅವನ ಕುತ್ತಿಗೆಯ ಗಡ್ಡೆಗೆ ಕತ್ತಿ ಹಾಕಿದ. ರೋಗಿ ಕಿರುಚಲಿಲ್ಲ. ಲೋಕವೇ ಬೆರಗಾಯಿತು. ಅದೇ ವರ್ಷಗಳಲ್ಲಿ ಅದೇ ದೇಶದ ಅಲಬಾಮಾದಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ಡಾಕ್ಟರು ಗುಲಾಮ ಹೆಣ್ಣುಮಕ್ಕಳ ಮೇಲೆ ಪ್ರಯೋಗ ಮಾಡುತ್ತಿದ್ದ. ಕಷ್ಟದ ಹೆರಿಗೆಯಲ್ಲಿ ಮೂತ್ರಕೋಶಕ್ಕೆ ತೂತು ಬಿದ್ದು ಸದಾ ಮೂತ್ರ ಸೋರುವ ಕಾಯಿಲೆ ಅವರದು. 1845ರಿಂದ 1849ರವರೆಗೆ ಈ ಕೆಲಸ ನಡೆಯಿತು. ಹೆಸರು ಉಳಿದದ್ದು ಮೂವರದು: ಅನಾರ್ಕ, ಬೆಟ್ಸಿ, ಲೂಸಿ. ಅನಾರ್ಕ ಒಬ್ಬಳ ಮೇಲೆಯೇ 30 ಸಲ ಕತ್ತಿ ಆಡಿತು. ಅರಿವಳಿಕೆ ಇಲ್ಲದೆ.

ಕೆಲವರು ಹೇಳುತ್ತಾರೆ, ಈಥರ್ ಆಗಿನ್ನೂ ಹೊಸದು, ಎಲ್ಲ ಡಾಕ್ಟರುಗಳೂ ಬಳಸುತ್ತಿರಲಿಲ್ಲ, ಆ ಹೆಂಗಸರಿಗೂ ವಾಸಿಯಾಗಬೇಕಿತ್ತು ಅಂತ. ಇರಲಿ, ಇಷ್ಟೂ ನಿಜ. ಆದರೆ 'ಬೇಡ' ಅನ್ನುವ ಹಕ್ಕಿಲ್ಲದವಳ 'ಹೂಂ'ಗೆ ಏನು ಬೆಲೆ? ಅವಳ ಮೈ ಕಾನೂನಿನ ಪ್ರಕಾರ ಧಣಿಯ ಸ್ವತ್ತು. ಧಣಿಯನ್ನು ಕೇಳಿದರೆ ಮುಗಿಯಿತು. ಸಿಮ್ಸನಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತಿತು. ಅದನ್ನು ಸೆಂಟ್ರಲ್ ಪಾರ್ಕಿನಿಂದ ಕೀಳಿಸುವುದಕ್ಕೆ 2018ರ ಏಪ್ರಿಲ್ ಬರಬೇಕಾಯಿತು.

ಗುಲಾಮರ ಕಾಲ ಹೋಯಿತು ಅನ್ನೋಣ. ಹಸುಗೂಸುಗಳ ಕತೆ ಕೇಳಿ. 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ಎಷ್ಟೋ ನವಜಾತ ಶಿಶುಗಳಿಗೆ ನೋವು ನೀಗುವ ಮದ್ದಿಲ್ಲದೆ ಆಪರೇಷನ್ ಆಗುತ್ತಿತ್ತು. ಸ್ನಾಯು ಸಡಿಲಿಸುವ ಮದ್ದು, ಜೊತೆಗೆ ಒಂದಿಷ್ಟು ನೈಟ್ರಸ್ ಆಕ್ಸೈಡ್, ಅಷ್ಟೆ. ಎಳೆಯ ಕೂಸಿನ ನರಮಂಡಲ ಇನ್ನೂ ಬಲಿತಿಲ್ಲ, ಅದಕ್ಕೆ ನೋವು ತಿಳಿಯಲ್ಲ ಅನ್ನೋದು ನಂಬಿಕೆ. ಜೋರು ಮದ್ದು ಕೊಟ್ಟರೆ ಕೂಸು ತಡೆಯಲಾರದು ಅನ್ನೋ ಭಯವೂ ಇತ್ತು. ಸ್ನಾಯು ಸಡಿಲಿಸುವ ಮದ್ದು ನೋವನ್ನು ತೆಗೆಯಲ್ಲ, ಅಲ್ಲಾಟವನ್ನು ತೆಗೆಯುತ್ತದೆ. ಕೂಸು ಕೈಕಾಲು ಬಡಿಯಲ್ಲ, ಅಳಲ್ಲ. ನೋಡುವವರ ಕಣ್ಣಿಗೆ ಎಲ್ಲ ಶಾಂತ.

ಗೆಳೆಯರೆ, ಈ ಶಾಂತಿ ನಮಗೆ ಹೊಸದೆ? ಕೈಕಾಲು ಆಡದಂತೆ ಮಾಡಿ, ಬಾಯಿ ಮುಚ್ಚಿಸಿ, ಆಮೇಲೆ 'ನೋಡಿ, ನಮ್ಮೂರಲ್ಲಿ ಎಲ್ಲರೂ ಎಷ್ಟು ಅನ್ಯೋನ್ಯವಾಗಿದ್ದಾರೆ' ಅನ್ನುವ ಊರುಗಳನ್ನು ನಾವು ನೋಡಿಲ್ಲವೆ?

1987ರಲ್ಲಿ ಭಾರತದಿಂದ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಜೊತೆಗಾರರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವಧಿಗೆ ಮುಂಚೆ ಹುಟ್ಟಿ ಹೃದಯದ ಹತ್ತಿರ ಆಪರೇಷನ್ ಆಗಬೇಕಿದ್ದ ಕೂಸುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಎಂಬ ನೋವಿನ ಮದ್ದನ್ನೂ ಸೇರಿಸಿ ಕೊಟ್ಟರು, ಉಳಿದವಕ್ಕೆ ವಾಡಿಕೆಯಂತೆ ಇಲ್ಲ. ಮದ್ದಿಲ್ಲದ ಕೂಸುಗಳ ರಕ್ತದಲ್ಲಿ ಸಂಕಟದ ಹಾರ್ಮೋನುಗಳು ಏರಿದವು. ಆಪರೇಷನ್ನಿನ ನಂತರದ ತೊಂದರೆಗಳೂ ಅವಕ್ಕೇ ಹೆಚ್ಚು. ಇಲ್ಲಿಂದ ಪದ್ಧತಿ ಬದಲಾಗುತ್ತಾ ಬಂತು. ಒಳ್ಳೆಯದೇ ಆಯಿತು. ಆದರೂ ಕೇಳಬೇಕಾದ್ದು ಉಳಿದಿದೆ. ಕೂಸಿಗೆ ನೋವಾಗುತ್ತದೆ ಅಂತ ಹಡೆದವಳಿಗೆ, ಸೂಲಗಿತ್ತಿಗೆ, ಜೋಗುಳ ಹಾಡುವ ಅಜ್ಜಿಗೆ ಮೊದಲಿಂದಲೂ ಗೊತ್ತಿತ್ತು. ಅವರ ಮಾತು ಸಾಕ್ಷಿಯಾಗಲಿಲ್ಲ. ಹಾರ್ಮೋನು ಬಂದು ಸಾಕ್ಷಿ ಹೇಳಬೇಕಾಯಿತು. ನೋವಿದೆ ಅಂತ ರುಜುವಾತು ಮಾಡುವ ಹೊರೆ ನೋಯುವವರ ತಲೆ ಮೇಲೇ ಯಾಕೆ? ನೋವಿಲ್ಲ ಅನ್ನುವವನು ಮೊದಲು ರುಜುವಾತು ಮಾಡಲಿ.

'ಅವರದು ದುಡಿಯೋ ಮೈ, ತಡಕೊಳ್ತಾರೆ ಬಿಡಿ' ಅನ್ನೋ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬರುತ್ತದೆ! ಇದರ ಅಣ್ಣತಮ್ಮಂದಿರು ಎಲ್ಲ ದೇಶದಲ್ಲೂ ಇದ್ದಾರೆ. 2016ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ಡಾಕ್ಟರುಗಳನ್ನೂ ಕೇಳಿ ನೋಡಿದರು. ಕರಿಯರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಹೆಚ್ಚುಕಮ್ಮಿ ಅರ್ಧದಷ್ಟು ಜನ ನಿಜ ಅಂದರು. ಹಾಗೆ ನಂಬಿದವರು ಕರಿಯ ರೋಗಿಯ ನೋವನ್ನು ಕಮ್ಮಿ ಅಳೆದರು.

ಮನುಷ್ಯ ಹೀಗೆ, ಯಂತ್ರಕ್ಕೆ ಭೇದವಿಲ್ಲ ಅಂತೀರಾ? ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿದೆಯಲ್ಲ. ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ. 2020ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜಕ್ಕೂ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6, ಕರಿಯರಲ್ಲಿ 11.7. ಉಸಿರು ಕಟ್ಟುತ್ತಿರುವವನಿಗೆ 'ನೀನು ಚೆನ್ನಾಗಿದ್ದೀಯ' ಅಂತ ಯಂತ್ರ ಹೇಳುತ್ತಿತ್ತು. ಯಂತ್ರಕ್ಕೆ ದ್ವೇಷವಿಲ್ಲ. ಅದನ್ನು ಯಾರ ಬೆರಳ ಮೇಲೆ ಹದ ಮಾಡಿದರು ಅನ್ನೋದೇ ಪ್ರಶ್ನೆ.

ನಮ್ಮ ದೇಶಕ್ಕೇ ಬರೋಣ. 2012ರ ಜನವರಿ 7ರಂದು ಬಿಹಾರದ ಅರಾರಿಯಾ ಜಿಲ್ಲೆಯ ಒಂದು ಶಾಲೆಯಲ್ಲಿ ಒಬ್ಬನೇ ಸರ್ಜನ್ ಎರಡು ಗಂಟೆಯಲ್ಲಿ 53 ಬಡ ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಿದ. ಬೆಳಕು, ಟಾರ್ಚಿನದು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು. 2022ರ ನವೆಂಬರಿನಲ್ಲಿ ಅದೇ ಬಿಹಾರದ ಖಗಾರಿಯಾ ಜಿಲ್ಲೆಯ ಹೆಂಗಸರು, ಕೈಕಾಲು ಹಿಡಿದು ಅರಿವಳಿಕೆ ಇಲ್ಲದೆ ಕೊಯ್ದರು ಅಂತ ದೂರಿದರು. ಅನಾರ್ಕಳ ಟೇಬಲ್ಲು ಇನ್ನೂ ಖಾಲಿಯಾಗಿಲ್ಲ.

ಹಾಗಾದರೆ ಡಾಕ್ಟರ ಕರುಣೆ ಹೆಚ್ಚಿದರೆ ಸಾಕೆ? ಹಾರ್ವರ್ಡಿನ ಅರಿವಳಿಕೆ ಪ್ರೊಫೆಸರ್ ಹೆನ್ರಿ ಬೀಚರ್ 1966ರಲ್ಲಿ ಅನೀತಿಯ ಸಂಶೋಧನೆಗಳ 22 ಉದಾಹರಣೆಗಳನ್ನು ಬಯಲಿಗಿಟ್ಟ. ಬುದ್ಧಿಮಾಂದ್ಯ ಮಕ್ಕಳಿಗೆ ಕಾಮಾಲೆಯ ವೈರಸ್ ಕೊಟ್ಟದ್ದು, ಆಸ್ಪತ್ರೆಯ ರೋಗಿಗಳ ಮೈಗೆ ಕ್ಯಾನ್ಸರ್ ಕೋಶ ಚುಚ್ಚಿದ್ದು ಅದರಲ್ಲಿವೆ. ತನ್ನವರ ವಿರುದ್ಧವೇ ಬರೆದ ಆ ಧೈರ್ಯಕ್ಕೆ ಶರಣು. ಆದರೆ ಒಪ್ಪಿಗೆಪತ್ರಕ್ಕಿಂತ ಸಂಶೋಧಕನ ಆತ್ಮಸಾಕ್ಷಿಯೇ ದೊಡ್ಡ ಕಾವಲು ಎಂಬುದು ಅವನ ತೀರ್ಮಾನ. ಇದನ್ನು ನಾವು ಒಪ್ಪಲಾಗದು. ಮೇಲಿನವರ ಆತ್ಮಸಾಕ್ಷಿಯನ್ನು ನಂಬಿ ಕೂತವರ ಗತಿ ಏನಾಯಿತು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಕರುಣೆ ಕೊಡುವವನ ಇಷ್ಟ. ಇಂದು ಕೊಟ್ಟ, ನಾಳೆ ಮರೆತ. 'ಬೇಡ' ಅನ್ನುವ ಹಕ್ಕು ಮಲಗಿದವರ ಕೈಯಲ್ಲಿರಬೇಕು, ಅವರ ಭಾಷೆಯಲ್ಲಿರಬೇಕು.

ಇದನ್ನು ವಿಜ್ಞಾನದ ವಿರುದ್ಧದ ಮಾತು ಅಂತ ಯಾರೂ ತಿಳಿಯಬೇಡಿ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಬಂದು ಉಸಿರಾಡುವ ಸ್ನಾಯುಗಳೇ ಬಿದ್ದುಹೋದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಇಟ್ಟು, ಕೈಯಿಂದ ಚೀಲ ಒತ್ತಿ ಗಾಳಿ ತುಂಬಿಸಿದ. ಯಂತ್ರ ಸಾಲಲಿಲ್ಲ. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲು ರಾತ್ರಿ ಚೀಲ ಒತ್ತಿದರು. ಸಾವು ಇಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಆ ಕೈಗಳಿಂದ. ವಿಜ್ಞಾನ ಹೀಗೂ ಇರಬಲ್ಲದು.

ಹಾಗಾದರೆ ಅನಾರ್ಕಳ ಮೈಯಿಂದ ಬಂದ ತಿಳುವಳಿಕೆಯನ್ನು ಬಿಸಾಕಬೇಕೆ? ಬೇಡ. ಅದು ಸಿಮ್ಸನ ಆಸ್ತಿಯಲ್ಲ, ಅವಳ ಗಳಿಕೆ. ಇವತ್ತೂ ಹೆರಿಗೆಯಲ್ಲಿ ಹರಿದುಹೋದ ಬಡ ಹೆಣ್ಣುಮಕ್ಕಳಿಗೆ ಅದು ಬೇಕು. ಆದರೆ ಸಾಲ ಅಂದಮೇಲೆ ತೀರಿಸಬೇಕು. ಪ್ರತಿಮೆ ಕೆಡವಿದರೆ ತೀರಲ್ಲ. ಯಾರ ಮೈಮೇಲೆ ವಿದ್ಯೆ ಕಲಿತರೋ ಅಂಥವರ ಆಸ್ಪತ್ರೆಗೆ ಅರಿವಳಿಕೆ ವೈದ್ಯರು ಬರಬೇಕು, ಮದ್ದು ಬರಬೇಕು, ಅವರ ಬೆರಳಿಗೆ ಸುಳ್ಳು ಹೇಳದ ಯಂತ್ರ ಬರಬೇಕು. 'ನೋಯ್ತದೆ ಸ್ವಾಮಿ' ಅಂದಾಗ ಕತ್ತಿ ನಿಲ್ಲಬೇಕು.