ತೋಳಿನಲ್ಲಿ ಅಡಗದ ಕುಂಬಳಕಾಯಿ

‘ಫ್ಯೂಚುರಾಮಾ’ ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯನ್ನು ನಾನು ನೋಡಿದ್ದು ತಡವಾಗಿ, ಟಿವಿಯಲ್ಲಲ್ಲ, ಡಿವಿಡಿಯಲ್ಲಿ. ಮ್ಯಾಟ್ ಗ್ರೋನಿಂಗ್ ಸೃಷ್ಟಿಸಿ, ಡೇವಿಡ್ ಎಕ್ಸ್. ಕೋಹೆನ್ ಜೊತೆಗೂಡಿ ಬೆಳೆಸಿದ ಈ ಧಾರಾವಾಹಿ 1999ರ ಮಾರ್ಚ್‌ನಲ್ಲಿ ಶುರುವಾಯಿತು. ಪಿಜ್ಜಾ ಹಂಚುವ ಹುಡುಗನೊಬ್ಬ ಆ ವರ್ಷದ ಕೊನೆಯ ರಾತ್ರಿ ಹಿಮಗಟ್ಟಿ, ಸಾವಿರ ವರ್ಷ ಕಳೆದು ಕಣ್ಣುಬಿಡುತ್ತಾನೆ. ಅಲ್ಲಿಂದ ಮುಂದೆ ರೋಬೋಟುಗಳು, ಅನ್ಯಗ್ರಹದವರು, ನಮ್ಮ ಕಾಲದ ಮೂರ್ಖತನಗಳ ಮೇಲೆ ಹರಿಯುವ ವಿಡಂಬನೆ.

ನನ್ನನ್ನು ಹಿಡಿದು ಕೂರಿಸಿದ್ದು ಕಥೆಗಿಂತ ಹೆಚ್ಚಾಗಿ ಅದರ ಜೊತೆಗೆ ಕೊಟ್ಟ ‘ಬೋನಸ್’ ಭಾಗಗಳು. ಒಂದೊಂದು ಕಂತಿಗೂ ಅದನ್ನು ಮಾಡಿದವರ ಧ್ವನಿ ವ್ಯಾಖ್ಯಾನವಿದೆ. ಎಲ್ಲಿ ಎಡವಿದೆವು, ಯಾವ ದೃಶ್ಯ ತೆಗೆದುಹಾಕಿದೆವು, ಈ ಸಂಖ್ಯೆ ಏಕೆ ಬಂತು ಎಂದು ಅವರು ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳುತ್ತಾರೆ. ಬೆಂಡರ್ ಎಂಬ ರೋಬೋಟ್ ತನ್ನ ತಾಯಿಯ 1729ನೇ ಮಗ. ಆಸ್ಪತ್ರೆಯಲ್ಲಿ ಮಲಗಿದ್ದ ಗಣಿತಜ್ಞ ರಾಮಾನುಜನ್, ತನ್ನನ್ನು ನೋಡಲು ಬಂದ ಇನ್ನೊಬ್ಬ ಗಣಿತಜ್ಞ ಹಾರ್ಡಿಗೆ ವಿವರಿಸಿದ ಸಂಖ್ಯೆ ಅದೇ. ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ. 2007ರ ‘ಬೆಂಡರ್ಸ್ ಬಿಗ್ ಸ್ಕೋರ್’ ಡಿವಿಡಿಯಲ್ಲಿ ಸಾರಾ ಗ್ರೀನ್‌ವಾಲ್ಡ್ ಎಂಬ ಗಣಿತದ ಪ್ರಾಧ್ಯಾಪಕಿಯ ಪಾಠವೇ ಇದೆ.

2010ರ ಒಂದು ಕಂತಿನಲ್ಲಿ ಇಬ್ಬರ ಮನಸ್ಸುಗಳನ್ನು ಅದಲುಬದಲು ಮಾಡುವ ಯಂತ್ರ ಬರುತ್ತದೆ. ಒಮ್ಮೆ ಬದಲಾದ ಜೋಡಿ ಮತ್ತೆ ಪರಸ್ಪರ ಬದಲಾಗುವಂತಿಲ್ಲ. ಹಾಗಾದರೆ ಎಲ್ಲರೂ ತಮ್ಮ ತಮ್ಮ ಮೈಗೆ ಮರಳುವುದು ಹೇಗೆ? ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದ ಲೇಖಕ ಕೆನ್ ಕೀಲರ್ ಅದಕ್ಕಾಗಿಯೇ ಒಂದು ಪ್ರಮೇಯ ಕಟ್ಟಿದರು: ಎಷ್ಟೇ ಜನ ಕಲಸಿಹೋಗಿದ್ದರೂ ಹೊಸದಾಗಿ ಇಬ್ಬರು ಸೇರಿದರೆ ಸಾಕು. ಅದರ ಸಾಧನೆ ಪರದೆಯ ಮೇಲಿನ ಬೋರ್ಡಿನಲ್ಲೇ ಕಾಣುತ್ತದೆ. ಬೇಕಾದವರು ಚಿತ್ರ ನಿಲ್ಲಿಸಿ, ಕಾಗದ ಪೆನ್ಸಿಲ್ ಹಿಡಿದು ತಾಳೆ ನೋಡಬಹುದು. ಒಂದು ಕಾರ್ಟೂನು ತನ್ನ ನೋಡುಗನಿಗೆ ಕೊಟ್ಟ ಈ ಮರ್ಯಾದೆ ನನಗೆ ಬಹಳ ದೊಡ್ಡದು.

ಇದನ್ನು ನೋಡುವಾಗಲೆಲ್ಲ ನನಗೆ ನೆನಪಾಗುವವರು ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಆಗ ಅದು ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಖಾದಿ ಉಟ್ಟು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಬಾಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಮುಂದೆ ಪವಾಡ ತೋರಿಸುವಂತೆ ಕೇಳಿಕೊಂಡರು. ಉತ್ತರ ಬರಲಿಲ್ಲ. ಉಂಗುರ, ವಿಭೂತಿ ಬೇಡ, ಕುಂಬಳಕಾಯಿ ಸೃಷ್ಟಿಸಿ ಎಂಬ ಅವರ ಕೋರಿಕೆ ಆ ಕಾಲದಲ್ಲಿ ಮನೆಮಾತಾಗಿತ್ತು. ಕುಂಬಳಕಾಯಿ ಅಂಗಿಯ ತೋಳಿನೊಳಗೆ ಅಡಗುವುದಿಲ್ಲ.

ಅದನ್ನು ತಮಾಷೆ ಎಂದು ನಕ್ಕು ಬಿಟ್ಟವರೇ ಹೆಚ್ಚು. ನನಗೆ ಅದು ಶುದ್ಧ ವಿಜ್ಞಾನ. ಮೋಸಕ್ಕೆ ಜಾಗವೇ ಉಳಿಯದಂತೆ ಪ್ರಯೋಗವನ್ನು ರೂಪಿಸುವುದು ಹೇಗೆಂಬುದನ್ನು ಹಳ್ಳಿಯ ಅಜ್ಜಿಗೂ ತಿಳಿಯುವ ಒಂದು ತರಕಾರಿಯಲ್ಲಿ ಅವರು ಹೇಳಿಬಿಟ್ಟರು. ಕೇಳಿದ್ದರಲ್ಲಿ ಅಗೌರವವೂ ಇರಲಿಲ್ಲ. ಆ ಕಾರ್ಟೂನು ಬೋರ್ಡಿನ ಮೇಲೆ ಮಾಡಿದ್ದನ್ನೇ ನೀವೂ ಮಾಡಿ, ಒಳಗಿನದನ್ನು ತೋರಿಸಿ ಎಂದರು, ಅಷ್ಟೇ.

ಆ ಮಾತು ಬಾಬಾಗಳಿಗೆ ಮಾತ್ರ ಅಲ್ಲ ಎಂದು ನನಗೆ ಮನದಟ್ಟಾದದ್ದು ನಮ್ಮ ಕೆರೆಗಳ ದಂಡೆಯಲ್ಲಿ.

ಫ್ಯೂಚುರಾಮಾದ ಮೊದಲ ವರ್ಷದಲ್ಲೇ ಕಸದ ಉಂಡೆಯ ಕಥೆಯೊಂದಿದೆ. ಇಪ್ಪತ್ತೊಂದನೇ ಶತಮಾನದ ನ್ಯೂಯಾರ್ಕ್ ತನ್ನ ಕಸವನ್ನೆಲ್ಲ ಉಂಡೆ ಕಟ್ಟಿ ಆಕಾಶಕ್ಕೆ ಹಾರಿಸುತ್ತದೆ. ಶತಮಾನಗಳ ನಂತರ ಅದು ನಗರದ ತಲೆಯ ಮೇಲೇ ಮರಳಿ ಬರುತ್ತದೆ. ಅದನ್ನು ತಳ್ಳಲು ಜನ ಇನ್ನೊಂದು ಉಂಡೆ ಕಟ್ಟಿ ಹಾರಿಸುತ್ತಾರೆ. ಕಣ್ಣಿಗೆ ಕಾಣದಷ್ಟು ದೂರ ಹೋದದ್ದು ಇಲ್ಲವಾಯಿತು ಎಂಬ ನಂಬಿಕೆಯೂ ಒಂದು ಮೂಢನಂಬಿಕೆಯೇ. ನಗರ ಬಳಸಿ ಬಿಟ್ಟದ್ದು ನಮ್ಮ ಕೆರೆಗಳಿಗೂ ಹಾಗೆಯೇ ಬಂತು.

ಕೋಲಾರದ ಕಡೆಯ ನಮ್ಮ ಸುಗಟೂರು ಸೀಮೆ ಕೆರೆ ಕಟ್ಟಿದವರ ಸೀಮೆ. ಸುಗಟೂರಿನ ಪಾಳೆಯಗಾರರ ಹೆಸರು ಹೊಸಕೋಟೆಯ ದೊಡ್ಡ ಕೆರೆಯ ಜೊತೆ ಇಂದಿಗೂ ಅಂಟಿಕೊಂಡಿದೆ. ಇಲ್ಲಿ ಜೀವನದಿಯಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲವೂ ಮಳೆ, ಕೆರೆ, ಬೋರ್‌ವೆಲ್ ನಂಬಿ ಬದುಕಿದವು. ಬೋರ್‌ವೆಲ್ ಸಾವಿರದೈನೂರು ಅಡಿ ಇಳಿದರೂ ದೂಳೇ ಬಂದ ದಿನಗಳನ್ನು ಇಲ್ಲಿಯ ರೈತರು ಕಂಡಿದ್ದಾರೆ. ಅಂಥ ನೆಲಕ್ಕೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಮೇಲೆತ್ತಿ ಕುಡಿದು, ಮಿಂದು, ತೊಳೆದು ಬಿಟ್ಟ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಶುದ್ಧಗೊಳಿಸಿ ಇತ್ತ ಹರಿಸಿದ್ದು. ಮೊದಲ ಹಂತದಲ್ಲಿ ಗಟ್ಟಿ ಕಲ್ಮಶ ತಳ ಸೇರುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಕರಗಿಸುತ್ತವೆ. ಉಳಿದ ಸಾರಜನಕ, ರಂಜಕಗಳನ್ನು ತೆಗೆದು, ಸೋಸಿ, ರೋಗಾಣು ಕೊಲ್ಲುವ ಮೂರನೇ ಹಂತ ಬೇಕೆಂದು ಇಲ್ಲಿಯ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ.

ಆ ನೀರು ಬೇಡ ಎನ್ನುವ ಎದೆಗಾರಿಕೆ ನನಗಿಲ್ಲ. ಬಿರುಕುಬಿಟ್ಟ ಕೆರೆಯಂಗಳ ತುಂಬಿದ್ದನ್ನು, ಬತ್ತಿದ ಬಾವಿಯಲ್ಲಿ ನೀರು ಏರಿದ್ದನ್ನು ಕಂಡು ಕಣ್ಣೊರೆಸಿಕೊಂಡವರ ಸಂತೋಷ ದೊಡ್ಡದು. ಆದರೆ ಅದೇ 2018ರ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ ಹೋಗಿ ಹರಿವು ಕೆಲಕಾಲ ನಿಂತಿತು. ಆಗ ಎರಡೂ ಕಡೆಯವರು ನಂಬಿಕೆಯ ಮಾತನ್ನೇ ಆಡಿದರು. ವಿಷ ಎಂದವರು ಎಷ್ಟು ವಿಷ, ಯಾವುದು ಎಂದು ಹೇಳಲಿಲ್ಲ. ಅಮೃತ ಎಂದವರು ಅಂಕಿಗಳನ್ನು ರೈತನಿಗೆ ತಿಳಿಯುವಂತೆ ಮುಂದಿಡಲಿಲ್ಲ. ನೊರೆಯ ಪಕ್ಕ ನಿಂತವನಿಗೆ ಉಳಿದದ್ದು ಯಾರನ್ನೋ ನಂಬುವ ಕೆಲಸ.

ಕುಂಬಳಕಾಯಿ ಕೇಳುವ ಹಕ್ಕು ಅವನಿಗೂ ಇದೆ. ಪ್ರತಿ ಕೆರೆಯ ತೂಬಿನ ಪಕ್ಕ ಒಂದು ಗೋಡೆ ಇರಲಿ. ಅದರ ಮೇಲೆ ತಿಂಗಳ ತಿಂಗಳೂ ಕನ್ನಡದಲ್ಲಿ ಬರೆಯಲಿ: ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು, ಭಾರ ಲೋಹ ಇದೆಯೇ, ಮಿತಿ ಎಷ್ಟು, ಮಾದರಿ ತೆಗೆದ ದಿನ ಯಾವುದು. ಪಕ್ಕದ ಪ್ರೌಢಶಾಲೆಯ ಮಕ್ಕಳು ತಮ್ಮದೇ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗಿ ಪರೀಕ್ಷಿಸಿ, ತಮಗೆ ಸಿಕ್ಕ ಅಂಕಿಯನ್ನು ಅದೇ ಗೋಡೆಯಲ್ಲಿ ಸರ್ಕಾರದ ಅಂಕಿಯ ಕೆಳಗೆ ಸೀಮೆಸುಣ್ಣದಲ್ಲಿ ಬರೆಯಲಿ.